ಬಿಳಿ ಹಾವಿನ ಲೆಕ್ಕ

ಕಲಾ ವಿಭಾಗದ ವಿದ್ಯಾರ್ಥಿಗೆ ಹಾವಿನ ಬಣ್ಣದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮೂರು ಘೋಣಸಗಿ. ಮರಾಠಿಯಲ್ಲಿ ಘೋಣಸ ಎಂದರೆ ಕೊಳಕುಮಂಡಲ ಹಾವು. ಇದನ್ನರಿತ ಮಿತ್ರರು ನನ್ನನ್ನು ನಗೆಯಾಡುವುದುಂಟು. ಆದರೆ ಈ ಲೇಖನಕ್ಕೆ ಕಾರಣ ಬೇರೆ. ನನ್ನ ಅಕ್ಕನ ಮಗಳು ಹುಟ್ಟಿನಿಂದಲೇ ತೀರ ಬೆಳ್ಳಗಿದ್ದಾಳೆ. ಕೂದಲು, ಕಣ್ರೆಪ್ಪೆ ಕೂಡ ಬಿಳಿ. ಬಿಸಿಲಿಗೆ ಕಣ್ಣು ತೆರೆಯಲಾರಳು. ಬಸುರಿಯಿದ್ದಾಗ ಅಕ್ಕ ಗ್ರಹಣದಲ್ಲಿ ಹೊರಗೆ ಬಂದದ್ದೇ ಇದಕ್ಕೆ ಮೂಲವೆಂದು ನಮ್ಮ ಅಜ್ಜಿ, ಎಂದರೆ ತಾಯಿಯ ತಾಯಿ, ಬಲ್ಲವರ ಮುಂದೆಲ್ಲ ಆಡುತ್ತಿದ್ದಳು. ಅಕ್ಕ ಮರುಮಾತಾಡುತ್ತಿರಲಿಲ್ಲ.

ನನಗೆ ಉತ್ತರ ದೊರೆತದ್ದು ಹಾವು ಸಾಕುವವರ ವಿಷಯ ಓದುವಾಗ. ಪಶ್ಚಿಮ ಆಫ್ರಿಕದಲ್ಲಿ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವಿದೆ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಸಹಜ ಬಣ್ಣ ಕಪ್ಪು-ಕಂದು. 1992ರಲ್ಲಿ ಅಮೆರಿಕದಲ್ಲಿ ಅದರ ಬಿಳಿ ಮರಿಗಳನ್ನು ಸಾಕಣೆಯಲ್ಲಿಯೇ ಹುಟ್ಟಿಸಿದರು. (ನಮ್ಮ ನಾಗರವನ್ನು ಹೀಗೆ ಸಾಕಲು 1972ರ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ, ಬರುವುದೇ ಒಳ್ಳೆಯದು.)

ಕಪ್ಪು ಬಣ್ಣ ಮೆಲನಿನ್ ಎಂಬ ದ್ರವ್ಯದ್ದು. ಅದು ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವದ ಜೀನು ಪ್ರತಿ ಮರಿಗೂ ಎರಡು ಪ್ರತಿಗಳಲ್ಲಿ ಬರುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡರಲ್ಲಿ ಒಂದು ನೆಟ್ಟಗಿದ್ದರೂ ಕಪ್ಪು ಮೂಡುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಬಿಳುಪು. ಹಾವಿನಲ್ಲಿ ಹಳದಿಗೆ ಬೇರೆಯೇ ಕೋಶಗಳಿರುವುದರಿಂದ ಆ ಬಿಳಿ ಮೈಮೇಲೆ ಹಳದಿ ಮಚ್ಚೆಗಳು ಉಳಿದಿರುತ್ತವೆ.

ಬಿಳಿ ಹಾವನ್ನು ಶುದ್ಧ ಕಪ್ಪು ವಂಶದ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಕಪ್ಪೇ. ಆದರೆ ಪ್ರತಿಯೊಂದರಲ್ಲೂ ಒಂದು ಕೆಟ್ಟ ಪ್ರತಿ ಅಡಗಿರುತ್ತದೆ. ಕಣ್ಣಿಗೆ ಭೇದ ತಿಳಿಯದು. ಅಂತಹ ಎರಡು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಬಿಳಿ. 1866ರಲ್ಲಿ ಮೆಂಡೆಲ್ ಬಟಾಣಿಯ ವಿಷಯದಲ್ಲಿ ಪ್ರಕಟಿಸಿದ ಲೆಕ್ಕವೇ ಇದು. ಎಲ್ಲ ಬಣ್ಣಗಳೂ ಹೀಗೆ ಅಡಗುವುದಿಲ್ಲ. ‘ಸ್ಪೈಡರ್’ ಎಂಬ ಜೇಡಬಲೆಯ ಚಿತ್ತಾರಕ್ಕೆ ಒಂದೇ ಪ್ರತಿ ಸಾಕು. ಆದರೆ ಆ ಹಾವುಗಳ ತಲೆ ವಾಲಾಡುತ್ತದೆ. ಚೆಲುವಿಗಾಗಿ ಅದನ್ನೂ ಹುಟ್ಟಿಸಿ ಮಾರುವವರಿದ್ದಾರೆ!

ಅಡಗಿದ ಗುಣವನ್ನು ಬೇಗ ಹೊರಗೆಳೆಯಲು ಸಾಕುವವರು ತಂದೆಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸುತ್ತಾರೆ. ಒಂದೇ ಮನೆತನದಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚಷ್ಟೆ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಮನುಷ್ಯರ ಈ ಬಿಳುಪೂ ಸಾಮಾನ್ಯವಾಗಿ ಇದೇ ಲೆಕ್ಕದಲ್ಲಿ ಬರುತ್ತದೆ. ನಮ್ಮ ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೆ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮುಂದೆ ಮೊರದಲ್ಲಿ ಬಿಳಿ ಜೋಳವನ್ನೂ ಹುರುಳಿಯನ್ನೂ ಇಟ್ಟೆ. ಅಕ್ಕನಿಗೆ ಒಂದು ಜೋಳ, ಒಂದು ಹುರುಳಿ, ಮಾವನಿಗೂ ಹಾಗೆಯೇ. ನಾಲ್ಕು ಬಗೆಯಲ್ಲಿ ಜೋಡಿಸಿ ತೋರಿಸಿದೆ. ಒಂದು ಜೋಡಿಯಲ್ಲಿ ಮಾತ್ರ ಎರಡೂ ಜೋಳ. ಅಜ್ಜಿ ಬಹಳ ಹೊತ್ತು ನೋಡಿ, “ಹಂಗಾದ್ರ ತಮ್ಮಾ, ನನ್ನ ಮಗಂದೂ ಇದರಾಗ ಪಾಲೈತೇನು?” ಎಂದಳು. ಹೌದೆಂದೆ.

ಮಾವನಿಗೂ ನನ್ನ ತಾಯಿಗೂ ಆ ಜೋಳದ ಕಾಳು ಬಹುಶಃ ಅಜ್ಜ-ಅಜ್ಜಿಯರಲ್ಲಿ ಒಬ್ಬರಿಂದಲೇ ಬಂದಿರಬೇಕು. ಅದನ್ನು ನಾನು ಅವಳಿಗೆ ಹೇಳಲಿಲ್ಲ.