ಹಾನಗಲ್ಲಿನಿಂದ ಸವಣೂರಿನವರೆಗೆ: ಕಲ್ಲುಗಳು ಹೇಳುವ ಚರಿತ್ರೆ

ಇತಿಹಾಸವೆಂದರೆ ದೆಹಲಿ, ಹಂಪಿ, ಬಿಜಾಪುರ ಎಂದೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಊರ ಕೆರೆಯ ದಂಡೆಯಲ್ಲಿ ಮಗುಚಿ ಬಿದ್ದ ಕಲ್ಲಿಗೂ ಒಂದು ಚರಿತ್ರೆ ಇರುತ್ತದೆಂಬುದು ನಮಗೆ ಹೊಳೆಯುವುದೇ ಇಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಅಂಥ ಚರಿತ್ರೆ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ.

ಆಳಿದ ಮಹಿಳೆ

ಹಾನಗಲ್ಲ ಹಿಂದೆ ಪಾನುಂಗಲ್ಲು ಎನಿಸಿಕೊಂಡಿತ್ತು. ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಈ ಮನೆತನದೊಂದಿಗೆ ನೆಂಟಸ್ತಿಕೆಯಿದ್ದ ಅಕ್ಕಾದೇವಿ, ಚಾಲುಕ್ಯ ದೊರೆ ಎರಡನೇ ಜಯಸಿಂಹನ ಸಹೋದರಿ. 11ನೇ ಶತಮಾನದಲ್ಲಿ ಆಕೆ ಕಿಸುಕಾಡು, ಬನವಾಸಿ ನಾಡುಗಳ ಆಡಳಿತ ನಡೆಸಿದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆಯನ್ನೂ ಹಾಕಿದ್ದಳು. ಆ ಕಾಲದ ಹೆಣ್ಣು ಹೊಸ್ತಿಲು ದಾಟಿರಲಿಲ್ಲ ಎನ್ನುವವರಿಗೆ ಶಾಸನಗಳೇ ಉತ್ತರ ಕೊಡುತ್ತವೆ.

ಆನೆಕೆರೆಯ ಯುದ್ಧ

1196ರಲ್ಲಿ ಹೊಯ್ಸಳ ಎರಡನೇ ಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ತನ್ನ ಮಗನೊಂದಿಗೆ ಹೋರಾಡಿ ಅವನನ್ನು ಹಿಮ್ಮೆಟ್ಟಿಸಿದ. ಆದರೆ ಸೋಹಣಿ ಮರಳಿ ಬರಲಿಲ್ಲ. ಇದನ್ನು ನಮಗೆ ತಿಳಿಸಿದ್ದು ಒಂದು ವೀರಗಲ್ಲು. ಅದು ಯಾರದೋ ಮನೆಯ ಮೆಟ್ಟಿಲಾಗಿದ್ದರೆ ಆ ತಂದೆ ಮಗನ ಹೆಸರೂ ಅಳಿಯುತ್ತಿತ್ತು.

ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವು ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಅಲ್ಲಿ ಶಿಲ್ಪದ ಕೆಳಗೆ ವಿವರಣೆಯನ್ನೂ ಕೆತ್ತಿದ್ದಾರೆ.

ಬಂಕಾಪುರದಿಂದ ಸವಣೂರಿಗೆ

ಶಿಗ್ಗಾಂವ ತಾಲೂಕಿನ ಬಂಕಾಪುರ ರಾಷ್ಟ್ರಕೂಟರ ಸಾಮಂತ ಬಂಕೇಯನ ಹೆಸರು ಹೊತ್ತ ಊರು. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. 1570ರ ದಶಕದಲ್ಲಿ ಕೋಟೆ ಆದಿಲಶಾಹಿಗಳ ಕೈಸೇರಿತು. ಮುಂದೆ ಮಿಯಾನಾ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನ್ ರಾಜಧಾನಿಯನ್ನು ಸವಣೂರಿಗೆ ಒಯ್ದರು. 1779ರಲ್ಲಿ ಹೈದರ್ ಅಲಿಯ ಮಗ ಸವಣೂರು ನವಾಬರ ಮಗಳನ್ನು, ನವಾಬರ ಮಗ ಹೈದರನ ಮಗಳನ್ನು ವರಿಸಿದರು. ಆದರೂ ಈ ನೆಂಟಸ್ತಿಕೆ ಯುದ್ಧ ತಪ್ಪಿಸಲಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ಸವಣೂರನ್ನು ವಶಪಡಿಸಿಕೊಂಡರು. ಸವಣೂರು ಸಂಸ್ಥಾನ 1948ರಲ್ಲಿ ಭಾರತದೊಂದಿಗೆ ವಿಲೀನವಾಯಿತು.

ಆಫ್ರಿಕಾ ಮೂಲದ ಮೂರು ದೊಡ್ಡಹುಣಸೆ ಮರಗಳೂ ಸವಣೂರಿನ ಹೆಗ್ಗುರುತು. 2023ರ ಮಳೆಯಲ್ಲಿ ಒಂದು ಮರ ಉರುಳಿತು. ಅದನ್ನು ಎತ್ತಿ ನೆಟ್ಟಾಗ ಮತ್ತೆ ಚಿಗುರಿತು. ಒಡೆದ ಶಾಸನ ಮಾತ್ರ ಚಿಗುರುವುದಿಲ್ಲ.

ನಮ್ಮ ಹೊಣೆ

ನಿಧಿಯಾಸೆಗೆ ಅಗೆಯುವವರು, ಅರಿಯದೆ ಬಟ್ಟೆ ಒಗೆಯುವ ಕಲ್ಲಾಗಿ ಬಳಸುವವರು, ಇಬ್ಬರಿಂದಲೂ ನಷ್ಟವಾಗುವುದು ಎಲ್ಲರ ಚರಿತ್ರೆಗೇ. ಪಾಯ ತೋಡುವಾಗ ಅಕ್ಷರವಿರುವ ಕಲ್ಲೋ ನಾಣ್ಯವೋ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ಕಲ್ಲಿಗೆ ಬಣ್ಣ ಬಳಿಯಬೇಡಿ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಸನದು, ನಿಕಾಹ್‌ನಾಮಾ, ಪಾರ್ಸಿ ಅಥವಾ ಉರ್ದು ಪತ್ರಗಳನ್ನು ರದ್ದಿಗೆ ಹಾಕುವ ಮೊದಲು ಬಲ್ಲವರಿಂದ ಓದಿಸಿ. ರಾಜರ ಶಾಸನಗಳು ಬಿಟ್ಟುಬಿಟ್ಟ ನಮ್ಮ ಮುತ್ತಜ್ಜಿಯರ ಹೆಸರುಗಳು ಅಲ್ಲಿ ಉಳಿದಿರಬಹುದು. ಹಿಂದಿನವರು ಬಿಟ್ಟುಹೋದ ಈ ಅಮಾನತ್ತನ್ನು ಮುಂದಿನವರಿಗೆ ತಲುಪಿಸುವ ಕೆಲಸ ಮನೆಯಿಂದಲೇ ಆರಂಭವಾಗಲಿ.