ಹೊಳೆಗಿಂತ ಮೊದಲು ಬರುವ ಸುದ್ದಿ

ಜುಲೈ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ವರದಿಗಾರರ ಮೊಬೈಲ್‌ಗೆ ಬಿಡುವಿಲ್ಲ. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಎಷ್ಟು ನೀರು ಬಿಟ್ಟರು, ಸಾಂಗಲಿಯ ಐರ್ವಿನ್ ಸೇತುವೆಯಲ್ಲಿ ಎಷ್ಟು ಅಡಿ, ರಾಜಾಪುರ ಬ್ಯಾರೇಜ್ ದಾಟಿ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂಬ ಸಂದೇಶಗಳು ಮರಾಠಿಯಲ್ಲೂ ಕನ್ನಡದಲ್ಲೂ ಸಾಲುಗಟ್ಟುತ್ತವೆ. ಮಳೆ ಸುರಿಯುವುದು ಮಹಾಬಳೇಶ್ವರದಲ್ಲಿ, ಮುಳುಗುವುದು ಯಡೂರಿನ ದಾರಿ. ಈ ಎರಡರ ನಡುವಿನ ಹೊತ್ತಿನಲ್ಲಿ ಸುದ್ದಿಮನೆ ಏನು ಮಾಡುತ್ತದೆ ಎಂಬುದನ್ನು ನೋಡಿದರೆ, ಆನ್‌ಲೈನ್ ಪತ್ರಿಕೋದ್ಯಮ ತಂದ ಬದಲಾವಣೆ ಅರ್ಥವಾಗುತ್ತದೆ. ಅದಕ್ಕಾಗಿ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಹೋಗಬೇಕಾಗಿಲ್ಲ.

ಹಿಂದೆ ತಾಲ್ಲೂಕು ವರದಿಗಾರನೆಂದರೆ ಬಹುತೇಕ ಅರೆಕಾಲಿಕ ಕೆಲಸ. ಅಂಗಡಿಯನ್ನೋ ಪತ್ರಿಕೆ ಏಜೆನ್ಸಿಯನ್ನೋ ನಡೆಸುತ್ತಲೇ ಸುದ್ದಿ ಬರೆಯುತ್ತಿದ್ದರು. ಬರೆದ ಹಾಳೆಯನ್ನೂ ಫೋಟೊವನ್ನೂ ಕವರಿಗೆ ಹಾಕಿ ಬೆಳಗಾವಿಯ ಇಲ್ಲವೆ ಹುಬ್ಬಳ್ಳಿಯ ಬಸ್ಸಿಗೆ ಕೊಟ್ಟರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಮುಂದಿನದು ಡೆಸ್ಕಿನ ಪಾಲು. ಉಪಸಂಪಾದಕ ಓದಿ ತಿದ್ದುತ್ತಿದ್ದ, ಅನುಮಾನ ಬಂದರೆ ಟ್ರಂಕ್ ಕಾಲ್ ಮಾಡುತ್ತಿದ್ದ, ಸಮಾಧಾನವಾಗದಿದ್ದರೆ ಸುದ್ದಿಯನ್ನೇ ಕೈಬಿಡುತ್ತಿದ್ದ. 1981ರ ಏಪ್ರಿಲ್‌ನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕುಳಿತಾಗ, ಪೊಲೀಸರು ಗುಂಡು ಹಾರಿಸಿದಾಗ, ಹೊರಗಿನ ಲೋಕಕ್ಕೆ ಅದು ಗೊತ್ತಾದದ್ದು ಮರುದಿನದ ಪತ್ರಿಕೆ ಮತ್ತು ರೇಡಿಯೊದಿಂದ. ನಿಧಾನ ನಿಜ. ಆದರೆ ಆ ನಿಧಾನದಲ್ಲೇ ಇನ್ನೊಬ್ಬರು ಓದಿ ನೋಡುವಷ್ಟು ಬಿಡುವಿತ್ತು.

ಫ್ಯಾಕ್ಸ್ ಬಂತು, ಇ–ಮೇಲ್ ಬಂತು. ಇವೆಲ್ಲ ಬಸ್ಸಿನ ಕವರನ್ನು ಬೇಗ ಮುಟ್ಟಿಸಿದವು, ಅಷ್ಟೇ. ನಿಜವಾದ ಪಲ್ಲಟ ಆದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ. ಹೊಳೆಯ ದಂಡೆಯಲ್ಲಿ ನಿಂತ ರೈತನೇ ವಿಡಿಯೊ ಹಾಕತೊಡಗಿದ. ಪತ್ರಿಕೆಯ ವೆಬ್ ಡೆಸ್ಕ್ ‘ಈಗಲೇ ನಾಲ್ಕು ಸಾಲು ಕಳಿಸಿ’ ಎನ್ನತೊಡಗಿತು. ಸಂಜೆಯ ಡೆಡ್‌ಲೈನ್ ಹೋಗಿ ದಿನವಿಡೀ ಡೆಡ್‌ಲೈನ್ ಆಯಿತು. (ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಪುಟ ಕಟ್ಟುವ ಹಳೆಯ ಫಾಂಟಿಗೆ ತಿರುಗಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವ ಕಥೆ ಬೇರೆಯೇ ಇದೆ. ಡೆಸ್ಕಿನವರನ್ನು ಕೇಳಿ, ನಿಟ್ಟುಸಿರು ಬಿಡುತ್ತಾರೆ.)

ಈಗ ಪ್ರವಾಹದ ಒಂದು ಸುದ್ದಿಯನ್ನೇ ಬಿಡಿಸಿ ನೋಡೋಣ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಪಂಚಗಂಗಾ ನರಸೋಬಾವಾಡಿಯಲ್ಲಿ. ಆ ನೀರು ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬರುತ್ತದೆ. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತದೆ. ಹಾಗಾಗಿ ಕಲ್ಲೋಳದ ಒಳಹರಿವು ಬೇಕಾದರೆ ರಾಜಾಪುರದ ಲೆಕ್ಕಕ್ಕೆ ದೂಧಗಂಗೆಯ ಲೆಕ್ಕ ಕೂಡಿಸಬೇಕು. ಕೊಯ್ನಾದಲ್ಲಿ ಬಿಟ್ಟ ನೀರು ಅದೇ ಹೊತ್ತಿಗೆ ಇಲ್ಲಿರುವುದಿಲ್ಲ. ದಾರಿ ಸವೆಸಿ ಬರಬೇಕು. ಸಾಂಗಲಿಯಲ್ಲಿ ಹೇಳುವುದು ಅಡಿಯಲ್ಲಿ. ಐರ್ವಿನ್ ಸೇತುವೆಗೆ 40 ಅಡಿ ಎಚ್ಚರಿಕೆಯ ಮಟ್ಟ, 45 ಅಪಾಯದ ಮಟ್ಟ. ಕೇಂದ್ರ ಜಲ ಆಯೋಗದ ಲೆಕ್ಕ ಕ್ಯೂಮೆಕ್‌ನಲ್ಲಿ. ಒಂದು ಕ್ಯೂಮೆಕ್ ಅಂದರೆ ಸುಮಾರು 35.3 ಕ್ಯೂಸೆಕ್. ಅವಸರದಲ್ಲಿ ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದರೂ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟೀತು. ಇಲ್ಲವೆ ಕಟ್ಟಬೇಕಾದವರು ಮಲಗಿಬಿಟ್ಟಾರು.

ಪಳಗಿದ ವರದಿಗಾರರು ಈ ಅಂಕಿಗಳಿಗಿಂತ ಸೇತುವೆಗಳನ್ನು ನಂಬುತ್ತಾರೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ: ಕೆಳಮಟ್ಟದ ಈ ಸೇತುವೆಗಳಲ್ಲಿ ಯಾವುದರ ಮೇಲೆ ನೀರು ಬಂತು ಎಂದು ಆ ಊರಿನವರಿಗೆ ಫೋನ್ ಮಾಡಿ ಕೇಳಿದರೆ ಹೊಳೆಯ ಸ್ಥಿತಿ ತಿಳಿಯುತ್ತದೆ. ವಾಟ್ಸ್‌ಆ್ಯಪ್ ಬಂದಮೇಲೂ ಈ ಫೋನ್ ಬದಲಾಗಿಲ್ಲ. ಬದಲಾದದ್ದು, ಆ ಫೋನ್ ಮಾಡಲು ಸಿಗುವ ಸಮಯ.

ವಿಡಿಯೊದ ತೊಂದರೆ ಇನ್ನೂ ದೊಡ್ಡದು. 2019ರ ಆಗಸ್ಟ್‌ನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. 2021ರ ಜುಲೈನಲ್ಲೂ ಹಾಗೇ ಆಯಿತು. ಎರಡೂ ವರ್ಷದ ದೃಶ್ಯಗಳು ಸಾವಿರಾರು ಮೊಬೈಲ್‌ಗಳಲ್ಲಿ ಉಳಿದಿವೆ. ನೀರಿನ ಮೇಲೆ ತಾರೀಖು ಬರೆದಿರುವುದಿಲ್ಲವಲ್ಲ! ಯಾವ ಮಳೆಗಾಲದಲ್ಲಿ ಹಂಚಿದರೂ ಅದು ಇವತ್ತಿನದೇ ಎನ್ನಿಸುತ್ತದೆ. ಹಾಗಾಗಿ ಡೆಸ್ಕಿನವರು ಹಿಂದೆ ಕಾಗುಣಿತ ತಿದ್ದುತ್ತಿದ್ದ ಜಾಗದಲ್ಲಿ ಇಂದು ಅಂಗಡಿಯ ಬೋರ್ಡು, ವಿದ್ಯುತ್ ಕಂಬ, ಕಬ್ಬಿನ ಎತ್ತರ ನೋಡಿ ‘ಇದು ಯಾವ ವರ್ಷದ್ದು?’ ಎಂದು ಹುಡುಕಬೇಕು. ಇದು ಹೊಸ ವಿದ್ಯೆ. ಕಲಿಸುವವರು ಕಡಿಮೆ.

ಗಡಿಯ ವಿಚಾರಕ್ಕೆ ಬಂದರೆ ತಪ್ಪಿನ ಬೆಲೆ ಇನ್ನೂ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದ ಕಾವೇರಿದಾಗ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ಟೋಲ್ ನಾಕಾದಲ್ಲಿ ಪೊಲೀಸ್ ಸರ್ಪಗಾವಲು ಇತ್ತು. ಅಲ್ಲಿಯ ಪ್ರತಿ ತಳ್ಳಾಟವೂ ಎರಡೂ ಭಾಷೆಯಲ್ಲಿ, ಎರಡು ಬಗೆಯ ತಲೆಬರಹದೊಂದಿಗೆ ಹರಡುತ್ತಿತ್ತು. ಅದೇ ತಿಂಗಳ 14ರಂದು ದೆಹಲಿಯಲ್ಲಿ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಸಭೆ ನಡೆಸಿದ ಕೇಂದ್ರ ಗೃಹ ಸಚಿವ ಅಮಿತ್ ಶಾ, ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ವಿವಾದ ಹೆಚ್ಚಿಸಿವೆ, ಪ್ರಕರಣ ದಾಖಲಿಸಬೇಕು ಎಂದರು. ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, ವಿವಾದದ ಬಗ್ಗೆ ತಮ್ಮ ಹೆಸರಿನಲ್ಲಿ ಹರಡಿದ ಟ್ವೀಟ್ ತಮ್ಮದಲ್ಲ ಎಂದರು. ಅಷ್ಟರಲ್ಲಿ ಟ್ವೀಟ್ ಸುದ್ದಿಯಾಗಿ ಹೋಗಿತ್ತು. ವದಂತಿ ಜೀವ ತೆಗೆದದ್ದೂ ನಮ್ಮ ರಾಜ್ಯದಲ್ಲೇ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಇಂಥ ಸಾವುಗಳು ಸಾಲಾಗಿ ನಡೆದ ಮೇಲೆ ವಾಟ್ಸ್‌ಆ್ಯಪ್ ಅದೇ ತಿಂಗಳು ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದಕ್ಕೆ ಮಿತಿಗೊಳಿಸಿತು.

ಇನ್ನು ಯೂಟ್ಯೂಬ್ ಚಾನೆಲ್‌ಗಳು. ತಾಲ್ಲೂಕಿನ ಸುದ್ದಿಗೋಷ್ಠಿಯಲ್ಲಿ ಇಂದು ಮೇಜಿನ ಮೇಲೆ ಲೋಗೊಗಳೇ ತುಂಬಿರುತ್ತವೆ. ದೊಡ್ಡ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಸಾಲೂ ಸಿಗದ ಹಳ್ಳಿಯ ಕುಡಿಯುವ ನೀರು, ಕಬ್ಬಿನ ಬಾಕಿ ಹಣ, ಕೆಟ್ಟ ರಸ್ತೆ ಇವರಿಂದ ಬೆಳಕಿಗೆ ಬಂದಿವೆ. ಇದನ್ನು ಹಗುರವಾಗಿ ಕಾಣುವವರಿಗೆ ಹಳ್ಳಿ ಗೊತ್ತಿಲ್ಲ. ರಾಜ್ಯ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದು ಈ ಮಾಧ್ಯಮಕ್ಕೆ ಜಾಹೀರಾತಿನ ಬಾಗಿಲು ತೆರೆಯಿತು. ಆದರೆ ಅವರಲ್ಲಿ ಬಹಳಷ್ಟು ಮಂದಿಗೆ ಡೆಸ್ಕ್ ಇಲ್ಲ. ಕ್ಯಾಮೆರಾ ಹಿಡಿದವರೇ ವರದಿಗಾರ, ಸಂಪಾದಕ, ಜಾಹೀರಾತು ಪ್ರತಿನಿಧಿ. ಯಾರ ಜಾಹೀರಾತು ಬೇಕೋ ಅವರ ಮೇಲೆಯೇ ಸುದ್ದಿ ಮಾಡುವ ಸಂದರ್ಭ ಬಂದಾಗ ತಡೆದು ಕೇಳುವವರಿಲ್ಲ. ಹಳೆಯ ಪತ್ರಿಕೆಗಳಲ್ಲಿ ಈ ಒತ್ತಡ ಇರಲಿಲ್ಲವೆಂದಲ್ಲ. ಅಲ್ಲಿ ಅದು ನಾಲ್ಕು ಜನರ ನಡುವೆ ಹಂಚಿಹೋಗುತ್ತಿತ್ತು.

ಸುದ್ದಿಮನೆಯ ವೇಗ ಇನ್ನು ತಗ್ಗುವುದಿಲ್ಲ, ತಗ್ಗಲೆಂದು ಬಯಸುವುದೂ ಸರಿಯಲ್ಲ. ಮುಂಚೆ ತಿಳಿದ ನೆರೆ ಜನ–ದನ ಉಳಿಸುತ್ತದೆ. ಉಳಿಸಿಕೊಳ್ಳಬೇಕಾದದ್ದು ಇನ್ನೊಬ್ಬರು ಓದಿ ನೋಡುವ ಆ ಪದ್ಧತಿ. ಒಂದು ತಾಲ್ಲೂಕಿನ ನಾಲ್ಕು ಯೂಟ್ಯೂಬ್ ಚಾನೆಲ್‌ಗಳು ಸೇರಿ ಒಬ್ಬ ಉಪಸಂಪಾದಕನನ್ನು ಇಟ್ಟುಕೊಳ್ಳುವುದು ಆಗದ ಮಾತೇನಲ್ಲ. ಓದುಗರಾದ ನೀವೂ ಈ ಮಳೆಗಾಲದಲ್ಲಿ ನೆರೆಯ ಸಂದೇಶ ಮುಂದೆ ಕಳಿಸುವ ಮುನ್ನ ಅದರಲ್ಲಿ ತಾರೀಖು ಇದೆಯೇ, ಅಳೆದ ಜಾಗದ ಹೆಸರಿದೆಯೇ, ಅಂಕಿ ಅಡಿಯದೋ ಕ್ಯೂಸೆಕ್ಕಿನದೋ ಎಂದು ನೋಡಿ. ಇಲ್ಲದಿದ್ದರೆ ಕಳಿಸಬೇಡಿ, ಸೇತುವೆಯ ಊರಿನಲ್ಲಿ ನಿಮ್ಮವರೊಬ್ಬರು ಇದ್ದೇ ಇರುತ್ತಾರೆ, ಅವರಿಗೆ ಫೋನ್ ಮಾಡಿ ಕೇಳಿ.