ಕಾಲೆತ್ತಿದರೂ ಇಳಿಯದ ರೇಸ್

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿ ಹರಡಿರುವುದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಅದನ್ನು ಭೀಮಾ ಶಿಲಾ ಸಮೂಹಕ್ಕೆ ಸೇರಿಸುತ್ತಾರೆ. ಗಣಿಯಿಂದ ಚಪ್ಪಡಿಯಾಗಿ ಎದ್ದರೆ ಅದು ಮನೆಗೆ ಹಾಸುವ ಶಹಾಬಾದ್ ಕಲ್ಲು, ಪುಡಿಯಾದರೆ ಸಿಮೆಂಟ್ ಕಾರ್ಖಾನೆಯ ಕಚ್ಚಾವಸ್ತು. ಕಲ್ಲು, ಸಿಮೆಂಟ್ ಹೊತ್ತ ಲಾರಿಗಳು ಎಬ್ಬಿಸುವ ಬಿಳಿ ಧೂಳು, ಎರೆಹೊಲಗಳಿಂದ ಏಳುವ ಕಪ್ಪು ಧೂಳು ಇಲ್ಲಿನ ರಸ್ತೆಯಲ್ಲಿ ಓಡುವ ಯಾವ ವಾಹನವನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ದಂಡೋತಿಯ ಸೇತುವೆ ಮುಳುಗಿದಾಗ ಅದೇ ಧೂಳು ಕೆಸರಾಗುತ್ತದೆ. ಇಂಥ ಊರುಗಳಲ್ಲಿ ಹಳೆಯ ಅಂಬಾಸಿಡರನ್ನೋ ಪದ್ಮಿನಿಯನ್ನೋ ಮಾರುತಿ 800 ಅನ್ನೋ ಉಳಿಸಿಕೊಂಡವರು ಎಂದಾದರೂ ಒಂದು ದಿನ ಎದುರಿಸುವ ತೊಂದರೆ ಇದು: ಎಕ್ಸಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ರೇಸ್ ಇಳಿಯುವುದಿಲ್ಲ. ಅಥವಾ ಪೆಡಲ್ ಮೊದಲು ಗಟ್ಟಿಯಾಗಿ ನಿಂತು, ಆಮೇಲೆ ಒಮ್ಮೆಲೇ ಜಾರಿ, ಗಾಡಿ ಜಿಗಿಯುತ್ತದೆ.

ಇದರ ಮೂಲ ಹೆಚ್ಚಿನ ಸಲ ಒಂದೇ, ಘರ್ಷಣೆ. ಅದು ಎಲ್ಲಿ ಕೂತಿದೆ ಎಂದು ಪತ್ತೆಹಚ್ಚುವುದರಲ್ಲಿಯೇ ಅರ್ಧ ರಿಪೇರಿ ಮುಗಿಯುತ್ತದೆ.

ಪೆಡಲ್ ಒತ್ತಿದಾಗ ನಾವು ನೇರವಾಗಿ ಎಂಜಿನ್ನಿಗೆ ಪೆಟ್ರೋಲ್ ಕೊಡುವುದಿಲ್ಲ. ಕಾರ್ಬೊರೇಟರಿನ ಕೊಳವೆಯಲ್ಲಿ ಬಟರ್‌ಫ್ಲೈ ಎಂಬ ದುಂಡನೆಯ ತಗಡು ಒಂದು ಸಣ್ಣ ಶಾಫ್ಟಿನ ಮೇಲೆ ತಿರುಗುತ್ತದೆ. ಅದು ತೆರೆದಷ್ಟು ಗಾಳಿ ಒಳಗೆ ಹೋಗುತ್ತದೆ, ಗಾಳಿಯ ವೇಗಕ್ಕೆ ತಕ್ಕಷ್ಟು ಪೆಟ್ರೋಲ್ ತಾನಾಗಿ ಸೇರಿಕೊಳ್ಳುತ್ತದೆ. ಈ ಬಟರ್‌ಫ್ಲೈಯನ್ನು ಪೆಡಲಿಗೆ ಜೋಡಿಸಲು ವಿಲ್ಲಿಸ್ ಜೀಪಿನಂಥ ಗಾಡಿಗಳಲ್ಲಿ ಕಬ್ಬಿಣದ ರಾಡುಗಳಿದ್ದವು. ಮಾರುತಿ 800ರಲ್ಲಿ ಇರುವುದು ಕೇಬಲ್. ಸೈಕಲ್ ಬ್ರೇಕಿನಲ್ಲಿಯೂ ಇರುವ ಈ ಬಗೆಯ ಕೇಬಲಿಗೆ ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ 1896ರಲ್ಲಿ ಪೇಟೆಂಟ್ ಪಡೆದರು. ಸುರುಳಿ ಸುತ್ತಿದ ಹೊರಕವಚದೊಳಗೆ ಹೆಣೆದ ಉಕ್ಕಿನ ತಂತಿ ಜಾರುತ್ತದೆ. ತಂತಿ ಎಳೆಯುವಷ್ಟೇ ಬಲದಿಂದ ಕವಚ ತಳ್ಳಿಸಿಕೊಳ್ಳುತ್ತದೆ. ಆದ್ದರಿಂದ ಕವಚದ ಎರಡೂ ತುದಿಗಳು ತಮ್ಮ ಹಿಡಿಕೆಯಲ್ಲಿ ಅಲುಗಾಡದಂತೆ ಕೂತಿರಬೇಕು. ಒಂದು ತುದಿ ಸಡಿಲವಾದರೂ ಪೆಡಲಿನ ಒತ್ತಡ ಕವಚವನ್ನು ಸರಿಸುವುದರಲ್ಲಿಯೇ ಹೋಗುತ್ತದೆ, ಬಟರ್‌ಫ್ಲೈ ಪೂರ್ತಿ ತೆರೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ತಂತಿ ಎಳೆಯಬಲ್ಲದು, ತಳ್ಳಲಾರದು. ತೆರೆಯುವ ಕೆಲಸಕ್ಕೆ ನಮ್ಮ ಕಾಲಿನ ಬಲವಿದೆ. ಮುಚ್ಚುವ ಕೆಲಸ ಪೂರ್ತಿ ಒಂದು ಸಣ್ಣ ಸ್ಪ್ರಿಂಗಿನ ಪಾಲಿಗೆ.

ದನದ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದರೆ ಹುಡುಗನೂ ಎತ್ತನ್ನು ತಡೆಯಬಲ್ಲ. ಸುತ್ತು ಹೆಚ್ಚಿದಂತೆ ಘರ್ಷಣೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಲೆಕ್ಕ ಹಾಕಿದ ಈ ನಿಯಮವೇ ಬಾಗಿದ ಕೇಬಲಿಗೂ ಅನ್ವಯಿಸುತ್ತದೆ. ಕೇಬಲಿನ ಎಲ್ಲ ಬಾಗುಗಳ ಮೊತ್ತ 180 ಡಿಗ್ರಿ, ಕಾರ್ಬೊರೇಟರಿನ ಸ್ಪ್ರಿಂಗ್ ಎಳೆತ 2 ಕಿಲೋ ಎಂದು ಹಿಡಿಯೋಣ. ಒಳಗೆ ನುಣುಪಾಗಿದ್ದು ಘರ್ಷಣಾಂಕ 0.15 ಇದ್ದರೆ ತೆರೆಯಲು ತಂತಿಯನ್ನು ಸುಮಾರು 3.2 ಕಿಲೋ ಬಲದಿಂದ ಎಳೆಯಬೇಕು. ಕಾಲೆತ್ತಿದಾಗ ಪೆಡಲಿನ ತುದಿಗೆ ಸುಮಾರು 1.25 ಕಿಲೋ ಎಳೆತ ಉಳಿದಿರುತ್ತದೆ. ತುಕ್ಕು, ಧೂಳು ಸೇರಿ ಘರ್ಷಣಾಂಕ 0.4 ಆದರೆ ತೆರೆಯಲು 7 ಕಿಲೋ ಬೇಕು, ಮರಳುವಾಗ ಉಳಿಯುವುದು ಅರ್ಧ ಕಿಲೋಗಿಂತ ತುಸು ಹೆಚ್ಚು. ಆ 7 ಕಿಲೋ ನಮ್ಮ ಕಾಲಿಗೆ ದೊಡ್ಡ ಭಾರವಲ್ಲ, 'ಪೆಡಲ್ ಸ್ವಲ್ಪ ಬಿರುಸಾಗಿದೆ' ಎಂದಷ್ಟೇ ಅನ್ನಿಸುತ್ತದೆ. ಆದರೆ ಉಳಿದ ಅರ್ಧ ಕಿಲೋ ಪೆಡಲನ್ನು ಮೇಲೆತ್ತಲು ಸಾಲದು. ಪೆಡಲ್ ಬಿರುಸಾಯಿತು ಎಂದರೆ ಅದು ಮರಳದ ದಿನ ಹತ್ತಿರವಾಯಿತು ಎಂದೇ ತಿಳಿಯಬೇಕು.

ಗಡುಸಾದ ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಏಕೆ ತಪ್ಪು ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಎಳೆತ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಬಾಗುಗಳ ಘರ್ಷಣೆಯೂ ಹೆಚ್ಚುತ್ತದೆ, ತಂತಿಯೂ ಶಾಫ್ಟೂ ಬೇಗ ಸವೆಯುತ್ತವೆ. ಮಾಡಬೇಕಾದದ್ದು ಬಾಗು ತಗ್ಗಿಸುವುದು, ಒಳಗನ್ನು ನುಣುಪಾಗಿಸುವುದು. ಹೊಸ ಕೇಬಲ್ ಹಾಕುವಾಗ ಅದು ಮೊದಲು ಹಾದುಹೋಗಿದ್ದ ದಾರಿಯಲ್ಲಿಯೇ, ಸೈಲೆನ್ಸರ್ ಪೈಪಿನಿಂದ ದೂರವಾಗಿ, ಅನಗತ್ಯ ತಿರುವಿಲ್ಲದೆ ಹೋಗಲಿ.

ಧೂಳಿನ ಸ್ವಭಾವವನ್ನೂ ತಿಳಿದಿರಬೇಕು. ಸುಣ್ಣದ ಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಮೋಸ್ ಗಡಸುತನದ ಅಳತೆಯಲ್ಲಿ ಅದು 3, ಉಕ್ಕಿಗಿಂತ ಮೆದು. ಅದು ತಂತಿಯನ್ನು ಕೊರೆಯುವುದಿಲ್ಲ, ಆದರೆ ಗ್ರೀಸಿನೊಡನೆ ಕಲೆತು ಗಟ್ಟಿ ಹಿಟ್ಟಾಗುತ್ತದೆ. ಸಿಮೆಂಟ್ ಧೂಳಿಗೆ ತೇವ ತಗುಲಿದರೆ ಅಲ್ಲಿಯೇ ಗಟ್ಟಿಯಾಗುತ್ತದೆ. ರಸ್ತೆಯ ಮರಳಿನಲ್ಲಿರುವ ಕ್ವಾರ್ಟ್ಜ್ ಗಡಸುತನ 7. ಅದು ಉಕ್ಕನ್ನೂ ಗೀಚುತ್ತದೆ. ಆದ್ದರಿಂದ ಕೇಬಲಿಗೆ ದಪ್ಪ ಗ್ರೀಸ್ ತುಂಬುವುದು ಈ ಸೀಮೆಯಲ್ಲಿ ಒಳ್ಳೆಯದಲ್ಲ. ನೈಲಾನ್ ಒಳಪದರವಿರುವ ಕೇಬಲನ್ನು ಎಣ್ಣೆ ಹಾಕದೆ ಒಣದಾಗಿಯೇ ಇಡಬೇಕು. ಒಳಪದರವಿಲ್ಲದ ಹಳೆಯ ಕೇಬಲನ್ನು ಬಿಚ್ಚಿ, ತೊಳೆದು, ಒಣಗಿಸಿ, ಮೇಲಿನ ತುದಿಯಿಂದ ತೆಳು ಎಣ್ಣೆ ಇಳಿಬಿಟ್ಟು, ಹೊರಗೆ ಉಳಿದದ್ದನ್ನು ಒರೆಸಬೇಕು. ಎರಡೂ ತುದಿಯ ರಬ್ಬರ್ ಟೋಪಿ ಇಲ್ಲದಿದ್ದರೆ ಮೊದಲು ಅದನ್ನು ಹುಡುಕಿ ಹಾಕಿ.

ಇನ್ನು ಪತ್ತೆಯ ಕ್ರಮ. ಎಂಜಿನ್ ಆರಿಸಿ ತಣ್ಣಗಾಗಲು ಬಿಡಿ. ಕಾರ್ಬೊರೇಟರ್ ಕಡೆ ಕೇಬಲ್ ಬಿಚ್ಚಿ, ಬಟರ್‌ಫ್ಲೈಯ ಲಿವರನ್ನು ಬೆರಳಿನಿಂದ ತೆರೆದು ಬಿಡಿ. ಅದು ಟಕ್ಕನೆ ಮುಚ್ಚಬೇಕು. ಮುಚ್ಚದಿದ್ದರೆ ದೋಷ ಶಾಫ್ಟಿನಲ್ಲಿ, ಕಾರ್ಬೊರೇಟರಿನ ಮಸಿಯಲ್ಲಿ, ಇಲ್ಲವೇ ಸ್ಪ್ರಿಂಗಿನಲ್ಲಿ. ಶಾಫ್ಟನ್ನು ಅಲುಗಾಡಿಸಿಯೂ ನೋಡಿ. ಸವೆದಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ, ಕೇಬಲ್ ಸರಿಯಿದ್ದರೂ ರೇಸ್ ಏರುಪೇರಾಗುತ್ತದೆ. ಎಂಜಿನ್ ಓಡುವಾಗ ನಿರ್ವಾತದ ಒತ್ತಡವೂ ಈ ಶಾಫ್ಟನ್ನು ಒಂದು ಬದಿಗೆ ಅದುಮುತ್ತದೆ. 32 ಮಿಲಿಮೀಟರ್ ಬಟರ್‌ಫ್ಲೈಯ ಮೇಲೆ 60 ಕಿಲೋಪ್ಯಾಸ್ಕಲ್ ವ್ಯತ್ಯಾಸವೆಂದರೆ ಸುಮಾರು 5 ಕಿಲೋ ಭಾರ. ಸವೆದ ಶಾಫ್ಟ್ ಮುಚ್ಚಿದ ಸ್ಥಿತಿಯಲ್ಲಿಯೇ ಹೆಚ್ಚು ಕಚ್ಚಿಕೊಳ್ಳಲು ಇದು ಕಾರಣ. ಆಮೇಲೆ ಪೆಡಲ್ ಕಡೆಯೂ ಕೇಬಲ್ ಬಿಚ್ಚಿ, ಪೆಡಲನ್ನಷ್ಟೇ ಅಲುಗಿಸಿ ನೋಡಿ. ಕೀಲಿನ ಪಿನ್ನು, ಬುಶ್, ಪೆಡಲಿನಡಿ ಸರಿದ ಮ್ಯಾಟ್ ಎಲ್ಲವನ್ನೂ ನೋಡಬೇಕು. ಕೊನೆಗೆ ತಂತಿಯನ್ನು ಕವಚದೊಳಗೆ ಕೈಯಿಂದ ಆಡಿಸಿ. ಒಂದು ಕಡೆ ಹಿಡಿದಂತಾದರೆ, ಅಥವಾ ತುದಿಯ ಗುಂಡಿನ ಬಳಿ ಒಂದೆರಡು ಎಳೆ ಕಿತ್ತಿದ್ದರೆ ಕೇಬಲ್ ಬದಲಿಸಿ. ಕಿತ್ತ ಎಳೆ ಕವಚದೊಳಗೆ ಸಿಕ್ಕಿಕೊಂಡರೆ ಬಟರ್‌ಫ್ಲೈ ತೆರೆದೇ ಉಳಿಯುತ್ತದೆ.

ಹೊಸ ಕೇಬಲ್ ಕೆಲವೇ ದಿನಗಳಲ್ಲಿ ಮತ್ತೆ ಬಿಗಿಯಾದರೆ ಅರ್ತಿಂಗ್ ನೋಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ವಿದ್ಯುತ್ ಸಂಪರ್ಕ ಕೊಡುವುದು ಒಂದು ಹೆಣೆದ ಪಟ್ಟಿ. ಅದು ತುಕ್ಕು ಹಿಡಿದರೆ ಸ್ಟಾರ್ಟರ್ ಎಳೆಯುವ ನೂರಕ್ಕೂ ಮಿಕ್ಕಿದ ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ತಾಗಿರುವ ಎಕ್ಸಲರೇಟರ್ ಕೇಬಲ್, ಚೋಕ್ ಕೇಬಲ್‌ಗಳೇ ಆ ದಾರಿ. ತಂತಿ ಕಾಯುತ್ತದೆ, ನೈಲಾನ್ ಕರಗಿ ಅಂಟಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಎಂಜಿನ್ ಬ್ಲಾಕ್ ಮತ್ತು ಬಾಡಿಯ ನಡುವೆ ವೋಲ್ಟ್‌ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿಯಬೇಕು, ಸವೆದಿದ್ದರೆ ಬದಲಿಸಬೇಕು.

ಜೋಡಿಸಿದ ಮೇಲೆ ಕಾರ್ಬೊರೇಟರಿನ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಬಿಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಟರ್‌ಫ್ಲೈ ಪೂರ್ತಿ ತೆರೆಯಿತೇ ಎಂದು ನೋಡಲಿ. ಪೆಡಲ್ ತನ್ನ ತಡೆಗೆ ತಾಗಿ ನಿಲ್ಲಬೇಕು, ತಂತಿ ಜಗ್ಗಿ ನಿಲ್ಲಬಾರದು.

ಓಡುವಾಗಲೇ ರೇಸ್ ಸಿಕ್ಕಿಕೊಂಡರೆ ಕ್ಲಚ್ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟರ್‌ಫ್ಲೈ ತೆರೆದಿದ್ದಾಗ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ. ಮತ್ತೆ ಮತ್ತೆ ಒತ್ತಿದರೆ ಉಳಿದದ್ದೂ ಖಾಲಿಯಾಗುತ್ತದೆ. ಗಾಡಿ ಬದಿಗೆ ನಿಂತ ಮೇಲೆಯೇ ಕೀಲಿ ತಿರುಗಿಸಿ, ಚಲಿಸುವಾಗ ಕೀಲಿ ಹೊರತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು.

ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಮಾರುತಿ 800 ನಿಂತದ್ದೂ ಅದೇ ವರ್ಷ. ಹೊಸ ಕಾರುಗಳಲ್ಲಿ ಪೆಡಲಿನ ಮಾತನ್ನು ಸೆನ್ಸರ್ ಮತ್ತು ಮೋಟಾರು ಕೊಂಡೊಯ್ಯುತ್ತವೆ, ಕೇಬಲೇ ಇಲ್ಲ. ಹಳೆಯ ಗಾಡಿಯನ್ನು ಇನ್ನೂ ರಸ್ತೆಗೆ ತರುವವರು ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಪೆಡಲನ್ನು ಒಮ್ಮೆ ಕೊನೆಯವರೆಗೆ ಒತ್ತಿ ಬಿಡಬೇಕು. ಅದು ತಡವರಿಸದೆ ಮೇಲೆ ಬಂದರೆ ಹೊರಡಬಹುದು. ತಡವರಿಸಿದರೆ ಆ ದಿನ ಗಾಡಿ ಗ್ಯಾರೇಜಿಗೆ ಹೋಗಬೇಕೇ ಹೊರತು ರಸ್ತೆಗಲ್ಲ.